‘ಸಾತ್’ ಅಂದರೆ ‘ಆಠ್’ ಕೇಳಿದ ಕಿವಿ: ಹೈ ಫ್ರೀಕ್ವೆನ್ಸಿ ಕಿವುಡಿಗೆ ಮಷೀನು ಆರಿಸಿದ ಒಂದು ಪ್ರಕರಣ

ಕಿವಿ ಮಷೀನು ಕೊಂಡು ಕಪಾಟಿನಲ್ಲಿ ಇಟ್ಟವರು ನಮ್ಮ ಕಡೆ ಬಹಳ ಮಂದಿ. ಅವರಲ್ಲಿ ಒಂದು ಬಗೆಯವರು ನನ್ನ ಕ್ಲಿನಿಕ್‌ಗೆ ಪದೇ ಪದೇ ಬರುತ್ತಾರೆ. “ಕೇಳಸ್ತದ್ರಿ, ಆದ್ರ ತಿಳಿಯಂಗಿಲ್ರಿ” ಅನ್ನುತ್ತಾರೆ. ಮಾತಾಡುವುದು ಗೊತ್ತಾಗುತ್ತದೆ, ಏನು ಮಾತಾಡಿದರು ಅನ್ನುವುದು ಬಿಡಿಸಿ ಸಿಗುವುದಿಲ್ಲ. ದಪ್ಪ ಸದ್ದು ಕೇಳಿ ಚೂಪು ಸದ್ದು ಕೇಳದ ಈ ತೊಂದರೆಗೇ ಹೈ ಫ್ರೀಕ್ವೆನ್ಸಿ ಕಿವುಡು ಅನ್ನುತ್ತೇವೆ. ಇಂಥವರಿಗೆ ಸದ್ದು ಜೋರು ಮಾಡಿಕೊಟ್ಟು ಕಳಿಸಿದರೆ ಆಗುವುದು ದುಡ್ಡು ದಂಡ ಮಾತ್ರ. ಹಾಗೆ ಎರಡು ಸಲ ದಂಡ ತೆತ್ತು ಬಂದವರೊಬ್ಬರ ಪ್ರಕರಣ ಇದು. ಹೊಸದಾಗಿ ಕೆಲಸ ಶುರು ಮಾಡಿದ, ಕಿವಿ ಪರೀಕ್ಷಿಸಿ ಮಷೀನು ಹೊಂದಿಸುವ ಆಡಿಯಾಲಜಿಸ್ಟ್‌ಗಳಿಗೂ, ಮನೆಯಲ್ಲಿ ಇಂಥ ತೊಂದರೆ ಇರುವವರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ವಯಸ್ಸು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಪ್ರತಿಯೊಂದು ತೀರ್ಮಾನವೂ ಅವುಗಳ ಮೇಲೇ ನಿಂತಿದೆ.

ಹಿನ್ನೆಲೆ

ಅವರನ್ನು ಮುನೀಮರು ಅನ್ನೋಣ. ವಯಸ್ಸು 58. ಕಲಬುರಗಿಯ ಗಂಜ್‌ನಲ್ಲಿ ಒಂದು ಅಡತಿ (ಧಾನ್ಯದ ದಲಾಲಿ) ಅಂಗಡಿಯ ಲೆಕ್ಕ ಬರೆಯುತ್ತಾರೆ. ಅದಕ್ಕೂ ಮುಂಚೆ 20 ವರ್ಷಕ್ಕಿಂತ ಜಾಸ್ತಿ ಬೇಳೆ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಕಲಬುರಗಿ ಅಂದರೆ ತೊಗರಿಯ ಕಣಜ ಅಲ್ವಾ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಆ ಬೇಳೆ ಒಡೆಯುವ ಮಿಲ್ಲಿನ ಒಳಗೆ ಎಷ್ಟು ಸದ್ದಿರುತ್ತದೆ ಅಂತ ಕೇಳುವವರು ಕಡಿಮೆ. ಮಗ್ಗುಲಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕಿತ್ತು ಅಂತ ಮುನೀಮರು ಹೇಳಿದರು. ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಯ ಪಾಳಿಗೆ 90 ಡೆಸಿಬೆಲ್ ಮಿತಿ ಇದೆ. ಒಂದು ಕೈಯಳತೆಯಲ್ಲಿ ಇರುವವನಿಗೆ ಕೂಗಿ ಹೇಳಬೇಕು ಅಂದರೆ ಸದ್ದು ಕಿವಿಗೆ ಕೆಡುಕು ಮಾಡುವಷ್ಟಿದೆ ಅಂತಲೇ ತಿಳಿಯಬೇಕು. ಅವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ. ಹತ್ತಿ ಧೂಳು ತಡೆದೀತು, ಸದ್ದನ್ನು ತಡೆಯುವುದು ತೀರಾ ಕಡಿಮೆ.

ಸಕ್ಕರೆ ಕಾಯಿಲೆ ಇದೆ, ಮಾತ್ರೆ ತಗೊಳ್ಳುತ್ತಾರೆ. ರಾತ್ರಿ ಮಲಗಿದಾಗ ಎರಡೂ ಕಿವಿಯಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು. ತಲೆ ಸುತ್ತು, ಕಿವಿ ನೋವು, ಸೋರುವುದು ಯಾವುದೂ ಇಲ್ಲ.

ನಮ್ಮಲ್ಲಿಗೆ ಅವರನ್ನು ಕಳಿಸಿದ್ದು ಅಂಗಡಿಯ ಸಾಹುಕಾರರು. ಸೊಲ್ಲಾಪುರದ ವ್ಯಾಪಾರಿಯೊಬ್ಬರು ಫೋನಿನಲ್ಲಿ ಕ್ವಿಂಟಲ್‌ಗೆ “ಸಾತ್ ಹಜಾರ್ ಆಠ್ ಸೌ” ಅಂದಿದ್ದರು, ಹಿಂದಿಯಲ್ಲಿ 7,800. ಮುನೀಮರು 8,800 ಅಂತ ಬರೆದುಕೊಂಡಿದ್ದರು. ಸಂಜೆ ಲೆಕ್ಕ ತಾಳೆ ನೋಡುವಾಗ ಸಿಕ್ಕಿಬಿತ್ತು, ಹಣ ಕೈ ದಾಟಿರಲಿಲ್ಲ. ಸಾಹುಕಾರರು ಬೈಯಲಿಲ್ಲ. “ಕಿವಿ ಒಮ್ಮೆ ತೋರಿಸ್ಕೊಂಡು ಬಾ” ಅಂದರಂತೆ. ಬೈದಿದ್ದರೆ ಅವರು ಬರುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಬೈಗುಳ ತಿಂದವರು ಕಿವಿ ಮುಚ್ಚಿಡುತ್ತಾರೆ, ತೋರಿಸುವುದಿಲ್ಲ.

ಸಮಸ್ಯೆ ಎಲ್ಲಿತ್ತು

ಮೊದಲು ಇಎನ್‌ಟಿ ಡಾಕ್ಟರು ನೋಡಿದರು. ಗುಗ್ಗೆ ತೆಗೆದರು. ಕಿವಿ ಪರದೆ ಸರಿ ಇತ್ತು, ನಡುಗಿವಿಯ ಒತ್ತಡವೂ ಸರಿ ಇತ್ತು. ಆಮೇಲೆ ಆಡಿಯೋಗ್ರಾಂ ಮಾಡಿದೆವು. ಯಾವ ಫ್ರೀಕ್ವೆನ್ಸಿಯ ಸದ್ದು ಎಷ್ಟು ಜೋರಾದರೆ ಕೇಳಿಸುತ್ತದೆ ಅಂತ ತೋರಿಸುವ ನಕ್ಷೆ ಅದು. ಹರ್ಟ್ಸ್ ಏರಿದಷ್ಟೂ ಸದ್ದು ಚೂಪು, ಡೆಸಿಬೆಲ್ ಏರಿದಷ್ಟೂ ನಷ್ಟ ಜಾಸ್ತಿ.

ಬಲಗಿವಿಯಲ್ಲಿ 250 ಮತ್ತು 500 ಹರ್ಟ್ಸ್‌ಗೆ 15 ಡೆಸಿಬೆಲ್, 1000ಕ್ಕೆ 20. ಇಲ್ಲಿಯ ತನಕ ಯಾವ ತೊಂದರೆಯೂ ಇಲ್ಲ. 2000ಕ್ಕೆ 45, 3000ಕ್ಕೆ 65, 4000 ಮತ್ತು 6000ಕ್ಕೆ 75, 8000ಕ್ಕೆ 65. ಎಡಗಿವಿ ಒಂದಿಷ್ಟು ಹಿಂದೆ: 500ಕ್ಕೆ 20, 1000ಕ್ಕೆ 25, 2000ಕ್ಕೆ 50, 3000ಕ್ಕೆ 70, 4000ಕ್ಕೆ 80, 6000ಕ್ಕೆ 85, 8000ಕ್ಕೆ 75. ಗಾಳಿಯ ಮೂಲಕ ಕೇಳುವುದೂ ಎಲುಬಿನ ಮೂಲಕ ಕೇಳುವುದೂ ಒಂದೇ ಮಟ್ಟದಲ್ಲಿದ್ದವು. ಅಂದರೆ ತೊಂದರೆ ಒಳಗಿವಿಯದು. 4000ದಿಂದ 6000ದ ನಡುವೆ ಆಳಕ್ಕೆ ಇಳಿದು 8000ಕ್ಕೆ ಸ್ವಲ್ಪ ಮೇಲೇರುವ ಈ ಆಕಾರ ಗದ್ದಲದಲ್ಲಿ ದುಡಿದವರ ಕಿವಿಯಲ್ಲಿ ಸಾಮಾನ್ಯ. ಒಳಗಿವಿಯಲ್ಲಿ ಚೂಪು ಸದ್ದು ಹಿಡಿಯುವ ಕೂದಲು ಕೋಶಗಳು ಬುಡದ ಕಡೆ ಇವೆ. ಗದ್ದಲದ ಪೆಟ್ಟು ಮೊದಲು ಬೀಳುವುದು ಅವಕ್ಕೇ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ.

ಈಗ ಈ ಅಂಕಿಗಳನ್ನು ಮಾತಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಅ, ಆ, ಉ, ಓ ಇಂಥ ಸ್ವರಗಳ ಬಲವೆಲ್ಲ ಹೆಚ್ಚುಕಡಿಮೆ 1000 ಹರ್ಟ್ಸ್ ಒಳಗೇ ಇದೆ. ಮಾತು ಜೋರಾಗಿ ಕೇಳುವುದು ಇವುಗಳಿಂದ. ಸ, ಶ, ಚ, ತ, ಟ, ಕ ಇವುಗಳ ಗುರುತು ಇರುವುದು 2000ಕ್ಕೂ ಮೇಲೆ. ಇವು ಮೊದಲೇ ಮೆಲ್ಲಗಿನ ಸದ್ದುಗಳು. ಮುನೀಮರಿಗೆ ಸ್ವರ ಪೂರ್ತಿ ಕೇಳುತ್ತಿತ್ತು, ವ್ಯಂಜನ ಬಿದ್ದುಹೋಗುತ್ತಿತ್ತು. ‘ಸಾತ್’, ‘ಆಠ್’, ‘ಸಾಠ್’ ಮೂರರಲ್ಲೂ ಸ್ವರ ಒಂದೇ, ಆ. ಬೇರೆ ಮಾಡುವುದು ಮುಂದಿನ ಸ ಮತ್ತು ಕೊನೆಯ ತ, ಠ. ಅವೆರಡೂ ಹೋದರೆ ಉಳಿಯುವುದು ಬರೀ ಆ. ಏಳೋ, ಎಂಟೋ, ಅರವತ್ತೋ, ಊಹೆ ಮಾಡಬೇಕು.

ಕನ್ನಡದ ಬಹಳಷ್ಟು ಪದಗಳು ಸ್ವರದಲ್ಲಿ ಮುಗಿಯುತ್ತವೆ. ಪದದ ಅರ್ಧ ಆಕಾರ ಸಿಕ್ಕರೂ ಸಂದರ್ಭ ನೋಡಿ ಉಳಿದದ್ದು ತುಂಬಿಕೊಳ್ಳಬಹುದು. ಮುನೀಮರು ವರ್ಷಗಟ್ಟಲೆ ಹೀಗೇ ತುಂಬಿಕೊಂಡು ಬಂದಿದ್ದರು. ಅಂಕಿಗೆ ಮಾತ್ರ ಸಂದರ್ಭ ಇರುವುದಿಲ್ಲ. ಏಳು ಸಾವಿರವೂ ಆಗಬಹುದು, ಎಂಟು ಸಾವಿರವೂ ಆಗಬಹುದು. ಅದಕ್ಕೇ ಮೊದಲು ಎಡವಿದ್ದು ಅಲ್ಲಿ.

ಕನ್ನಡ ಪದಪಟ್ಟಿ ಇಟ್ಟು ಮಾತು ಗುರುತಿಸುವ ಪರೀಕ್ಷೆ ಮಾಡಿದೆವು. ಆರಾಮಾಗಿ ಕೇಳುವಷ್ಟು ಜೋರು ಇಟ್ಟಾಗ 25 ಪದಗಳಲ್ಲಿ ಬಲಗಿವಿಗೆ 19, ಎಡಗಿವಿಗೆ 17 ಸರಿ. ಎಷ್ಟು ತಪ್ಪಿತು ಅನ್ನುವುದಕ್ಕಿಂತ ಯಾವುದು ತಪ್ಪಿತು ಅನ್ನುವುದನ್ನು ಬರೆದಿಟ್ಟುಕೊಂಡೆ. ತಪ್ಪೆಲ್ಲ ಸ, ಚ, ತ, ಟ ಸುತ್ತಲೇ ಇತ್ತು. ಈ ಚಿಕ್ಕ ಪಟ್ಟಿ ಮುಂದೆ ಮಷೀನು ಹೊಂದಿಸುವಾಗ ಆಡಿಯೋಗ್ರಾಂನಷ್ಟೇ ಕೆಲಸಕ್ಕೆ ಬಂತು.

ಅವತ್ತು ಹೆಂಡತಿಯೂ ಜೊತೆಗಿದ್ದರು. ಅವರ ದೂರು ಬೇರೆಯೇ ಇತ್ತು. “ಗಂಡಸರು ಮಾತಾಡಿದ್ರ ಇವ್ರಿಗಿ ಕೇಳ್ತದ್ರಿ. ನಾ ಕರದ್ರ ಕೇಳಂಗಿಲ್ಲ. ನನ್ನ ಮಾತಂದ್ರ ಅಸಡ್ಡಿ.” ಮುನೀಮರು ತಲೆ ತಗ್ಗಿಸಿದರು. “ಕೇಳಂಗಿಲ್ಲ ಅಂತಲ್ರಿ ಸರ. ಮಂದಿ ಮಾತು ನುಂಗಿ ನುಂಗಿ ಆಡ್ತಾರ” ಅಂದರು.

ಆಡಿಯೋಗ್ರಾಂ ಹಾಳೆಯನ್ನು ಆ ತಾಯಿಯ ಮುಂದೆ ಇಟ್ಟೆ. ಹೆಂಗಸರ, ಮಕ್ಕಳ ಬಾಯಲ್ಲಿ ಬರುವ ಸ ಗಂಡಸರ ಸ ಗಿಂತ ಇನ್ನೂ ಮೇಲೆ, 6000 ದಾಟಿಯೂ ಇರುತ್ತದೆ. ಮುನೀಮರ ಕಿವಿ ಸೋತಿರುವುದು ಸರಿಯಾಗಿ ಆ ಜಾಗದಲ್ಲಿ. ಗೆರೆ ಕೆಳಕ್ಕೆ ಬಿದ್ದ ಕಡೆ ಬೆರಳಿಟ್ಟು, “ನಿಮ್ಮ ದನಿ, ನಿಮ್ಮ ಮೊಮ್ಮಗಳ ದನಿ ಇಲ್ಲಿ ಬರ್ತದಮ್ಮ, ಇಲ್ಲೇ ಇವರಿಗೆ ಕೇಳೋದಿಲ್ಲ” ಅಂತ ತೋರಿಸಿದೆ. ಅವರು ಬಹಳ ಹೊತ್ತು ಹಾಳೆ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿ, “ಮೊದ್ಲೇ ತೋರಿಸ್ಬೇಕಿತ್ತಲ್ಲ” ಅಂದರು. ಅಸಡ್ಡೆಯ ಮಾತು ಮತ್ತೆ ಬರಲಿಲ್ಲ. ಮಷೀನಿನ ಆಯ್ಕೆ ಸರಿಯಾಗಿ ನಡೆದದ್ದು ಮನೆಯವರು ಜೊತೆಗೆ ನಿಂತದ್ದರಿಂದ. ಅವರು ನಿಂತದ್ದು ಆ ಹಾಳೆ ನೋಡಿದ ಮೇಲೆ. ಮನೆಯವರನ್ನು ಹೊರಗೆ ಕೂರಿಸಿ ಪರೀಕ್ಷೆಯ ಫಲ ಹೇಳುವ ರೂಢಿ ದಯವಿಟ್ಟು ಬಿಡಬೇಕು.

ಸರ್ಕಾರದಿಂದ ಮಷೀನು ಸಿಗುತ್ತದೆಯೇ ಅಂತ ಮಗ ಕೇಳಿದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ ಮಾತಿನ ಫ್ರೀಕ್ವೆನ್ಸಿಗಳಿಗೆ 60ರಿಂದ 70 ಡೆಸಿಬೆಲ್ ನಷ್ಟ ಇದ್ದರೆ ಮಂದ ಕಿವಿ, 70 ಆದರೆ ಕಿವುಡು. 500, 1000, 2000, 4000 ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆದರೆ ಇವರ ಬಲಗಿವಿ 39, ಎಡಗಿವಿ 44ರ ಹತ್ತಿರ. ಒಳ್ಳೆಯ 500 ಮತ್ತು 1000 ಸೇರಿ ಕೆಟ್ಟ 4000ವನ್ನು ಮುಚ್ಚಿಬಿಡುತ್ತವೆ. ಅಂಗವಿಕಲರ ಸರ್ಟಿಫಿಕೇಟ್ ದಾರಿ ಅಲ್ಲಿಗೆ ಮುಗಿಯಿತು. ಇಡೀ ದುಡಿಮೆಯ ಕಾಲವನ್ನು ಮಿಲ್ಲಿನಲ್ಲಿ ಕಳೆದು ಕಿವಿ ಕಳೆದುಕೊಂಡವರು ಇದೇ ಸರಾಸರಿಯಿಂದ ಹೊರಗೆ ಉಳಿಯುತ್ತಾರೆ. ಇದು ನನ್ನ ಮನಸ್ಸಿಗೆ ಯಾವಾಗಲೂ ಕಷ್ಟ ಕೊಡುವ ವಿಷಯ.

ಮುಂಚೆ ಮಾಡಿದ ಪ್ರಯತ್ನ

ಮೊದಲನೆಯದು ಮಗ ಆನ್‌ಲೈನ್‌ನಲ್ಲಿ ತರಿಸಿದ 1,800 ರೂಪಾಯಿಯ ಸದ್ದು ಹೆಚ್ಚಿಸುವ ಯಂತ್ರ. ಅದಕ್ಕೆ ಆಡಿಯೋಗ್ರಾಂ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ಏರಿಸುತ್ತದೆ. ಮುನೀಮರಿಗೆ ಚೆನ್ನಾಗಿ ಕೇಳುತ್ತಿದ್ದ ಫ್ಯಾನು, ಟೆಂಪೋ, ಹಮಾಲರ ಕೂಗು ಎಲ್ಲ ಇನ್ನೂ ಜೋರಾದವು. ಸ ಮತ್ತು ತ ಆ ಗದ್ದಲದ ಅಡಿಗೆ ಬಿದ್ದವು. ಒಂದು ವಾರದೊಳಗೆ ಕಿತ್ತಿಟ್ಟರು.

ಎರಡನೆಯದು ದೊಡ್ಡ ಊರಿನ ಅಂಗಡಿಯೊಂದರಲ್ಲಿ 28,000 ಕೊಟ್ಟು ಕೊಂಡದ್ದು. ಕಿವಿಯೊಳಗೆ ಪೂರ್ತಿ ಕೂರುವ, ಹೊರಗೆ ಕಾಣದ ಮಷೀನು, ಎಡಗಿವಿಗೆ ಒಂದೇ. ಕಾಣಬಾರದು ಅಂತ ಅವರೇ ಕೇಳಿದ್ದರು, ಅಂಗಡಿಯವರು ಕೊಟ್ಟರು. ಇಲ್ಲಿ ತೊಂದರೆ ಬೇರೆ ಬಗೆಯದು. ನಾವು ಮಾತಾಡುವಾಗ, ಅಗಿಯುವಾಗ ತಲೆಬುರುಡೆ ಮೂಲಕ ದಪ್ಪ ಸದ್ದು ಕಿವಿ ನಾಳಕ್ಕೆ ಬರುತ್ತದೆ. ಕಿವಿ ತೆರೆದಿದ್ದರೆ ಹೊರಗೆ ಹೋಗುತ್ತದೆ. ಮುಚ್ಚಿದರೆ ಒಳಗೇ ತುಂಬಿಕೊಳ್ಳುತ್ತದೆ. 500 ಹರ್ಟ್ಸ್‌ಗಿಂತ ಕೆಳಗೆ ಇದು 20 ಡೆಸಿಬೆಲ್‌ನಷ್ಟು ಏರಬಹುದು. ದಪ್ಪ ಸದ್ದು ಕಡಿಮೆ ಕೇಳುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಮುನೀಮರಿಗೆ ಆ ಭಾಗದಲ್ಲಿ ಕಿವಿ ಪೂರ್ತಿ ಚುರುಕು. “ಕೊಡದಾಗ ಬಾಯಿಟ್ಟು ಮಾತಾಡ್ದಂಗ ಆಗ್ತಿತ್ರಿ” ಅಂದರು. ಅದಕ್ಕಿಂತ ಹೆಚ್ಚು ಕಾಡಿದ್ದು ಊಟ. ಮನೆಯಲ್ಲಿ ದಿನಾ ಖಡಕ್ ರೊಟ್ಟಿ. ಒಂದು ತುಣುಕು ಮುರಿದು ಬಾಯಿಗೆ ಇಟ್ಟರೆ ತಲೆ ತುಂಬ ಕರಕರ ಸದ್ದು, ಪಕ್ಕದವರ ಮಾತು ಒಂದೂ ಕೇಳದು. ಊಟಕ್ಕೆ ಕೂರುವಾಗ ಮಷೀನು ತೆಗೆಯುವುದು ಶುರುವಾಯಿತು. ಆಮೇಲೆ ಹಾಕಿಕೊಳ್ಳುವುದೇ ನಿಂತಿತು.

ಆ ಮಷೀನನ್ನು ನಮ್ಮಲ್ಲಿಗೂ ತಂದಿದ್ದರು. ಮಷೀನು ಕೆಟ್ಟದ್ದಾಗಿರಲಿಲ್ಲ. ಆ ಕಿವಿಗೆ ಅದರ ಆಕಾರ ಹೊಂದುವಂತಿರಲಿಲ್ಲ, ಅಷ್ಟೇ. ‘ಮಷೀನು ನನಗ ಆಗಂಗಿಲ್ಲ’ ಅಂತ ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಕಳೆದ ಹಣಕ್ಕಿಂತ ದೊಡ್ಡ ನಷ್ಟ ಈ ತೀರ್ಮಾನವೇ.

ಆಯ್ಕೆ

ಮೊದಲ ಮಾತುಕತೆಯಲ್ಲಿ ನಾನು ಯಾವ ಕಂಪನಿಯ ಹೆಸರನ್ನೂ ತೆಗೆಯಲಿಲ್ಲ. ಎಲ್ಲಿ ಕೇಳಬೇಕು, ಯಾರ ಮಾತು ಕೇಳಬೇಕು ಅಂತ ಕೇಳಿದೆ. ಮೂರು ಬಂದವು: ಫೋನಿನಲ್ಲಿ ಹೇಳುವ ದರ, ಮನೆಯಲ್ಲಿ ಹೆಂಡತಿ ಮತ್ತು ಮೊಮ್ಮಗಳ ಮಾತು, ಗಂಜ್‌ನ ಗದ್ದಲದಲ್ಲಿ ಎದುರಿಗೆ ನಿಂತವನ ಮಾತು. ಭಜನೆ, ಟಿವಿ ಇವೆಲ್ಲ ಆಮೇಲೆ.

ಮಗನ ಕೈಯಲ್ಲಿ ಒಂದು ಜಾಹೀರಾತು ಹಾಳೆ ಇತ್ತು. 16 ಚಾನೆಲ್, 20 ಚಾನೆಲ್ ಅಂತ ಸಾಲಾಗಿ ದರ. ಚಾನೆಲ್ ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ ಅಂದ. ಚಾನೆಲ್ ಅಂದರೆ ಬೇರೆಯಾಗಿ ಹೊಂದಿಸಲು ಬರುವ ಫ್ರೀಕ್ವೆನ್ಸಿಯ ಒಂದೊಂದು ಭಾಗ. ಇಳಿಜಾರಿನ ಕಿವಿಗೆ 1000 ಮತ್ತು 2000ದ ನಡುವೆ ಸದ್ದಿನ ಏರಿಕೆಯನ್ನು ಬೇರೆ ಬೇರೆಯಾಗಿ ಹೊಂದಿಸಲು ಬರಬೇಕು, ಅದು ನಿಜ. ಆದರೆ ಮಧ್ಯಮ ದರದ ಇವತ್ತಿನ ಮಷೀನುಗಳಲ್ಲಿ ಅಷ್ಟು ಅನುಕೂಲ ಇದೆ. ಅದಕ್ಕೂ ಮೇಲೆ ದುಡ್ಡು ಹಾಕುವುದಿದ್ದರೆ ಎರಡನೇ ಕಿವಿಗೆ ಹಾಕಿ ಅಂದೆ. ಎರಡೂ ಕಿವಿಯಲ್ಲಿ ನಷ್ಟ ಇದ್ದಾಗ ಒಂದೇ ಕಿವಿಗೆ ದುಬಾರಿ ಮಷೀನು ಕೊಡುವುದಕ್ಕಿಂತ ಎರಡಕ್ಕೂ ಸಾಧಾರಣದ್ದು ಕೊಡುವುದು ವಾಸಿ. ಗದ್ದಲದಲ್ಲಿ ಮಾತು ಬಿಡಿಸಲು, ಸದ್ದು ಯಾವ ಕಡೆಯಿಂದ ಬಂತು ಅಂತ ಹಿಡಿಯಲು ಮೆದುಳಿಗೆ ಎರಡೂ ಕಡೆಯ ಸುದ್ದಿ ಬೇಕು. ಎರಡಕ್ಕೂ ಸೇರಿ 84,000 ರೂಪಾಯಿಯ ಜೋಡಿ ಗೊತ್ತುಮಾಡಿದೆವು. ಕಂತಿನ ಮೇಲೆ ಕೊಟ್ಟರು.

ಬಗೆ: ಕಿವಿಯ ಹಿಂದೆ ಚಿಕ್ಕ ಮಷೀನು, ಅಲ್ಲಿಂದ ತೆಳ್ಳನೆ ತಂತಿ, ಅದರ ತುದಿಯಲ್ಲಿ ಕಿವಿಯೊಳಗೆ ಕೂರುವ ಸ್ಪೀಕರ್. ಇದಕ್ಕೆ ಆರ್‌ಐಸಿ (ರಿಸೀವರ್ ಇನ್ ಕೆನಾಲ್) ಅನ್ನುತ್ತೇವೆ. ಸ್ಪೀಕರ್ ಮೇಲೆ ತೂತಿರುವ ಮೆತ್ತನೆ ಸಿಲಿಕೋನ್ ಟೊಪ್ಪಿಗೆ, ಓಪನ್ ಡೋಮ್. ದಪ್ಪ ಸದ್ದು ತನ್ನಷ್ಟಕ್ಕೆ ಒಳಗೆ ಬಂದು ಹೊರಗೆ ಹೋಗುತ್ತದೆ, ಚೂಪು ಸದ್ದು ಮಾತ್ರ ಮಷೀನಿನಿಂದ ಬರುತ್ತದೆ. ಹಾಕಿದ ಕೂಡಲೇ ಹೆಸರು ಹೇಳಿ ಅಂದೆ. ಹೇಳಿದರು. ಕೊಡದ ಸದ್ದು ಇಲ್ಲ. ಅವರಿಗೆ ಮೊದಲ ಸಲ ನಂಬಿಕೆ ಬಂದದ್ದು ಅಲ್ಲಿ.

ಆದರೆ ಆರಾಮ ಅನಿಸಿದ ಮಾತ್ರಕ್ಕೆ ಕೆಲಸ ಆಯಿತು ಅಂತ ಅಲ್ಲ. ಕಿವಿ ಪರದೆಯ ಹತ್ತಿರದ ತನಕ ತೆಳ್ಳನೆ ಸಿಲಿಕೋನ್ ನಳಿಗೆ ಇಳಿಸಿ, ಮಷೀನು ನಿಜಕ್ಕೂ ಎಷ್ಟು ಸದ್ದು ಕೊಡುತ್ತಿದೆ ಅಂತ ಅಳೆದೆವು. ರಿಯಲ್ ಇಯರ್ ಅಳತೆ ಅನ್ನುವುದು ಇದೇ. ಆಸ್ಟ್ರೇಲಿಯಾದ ನ್ಯಾಷನಲ್ ಅಕೌಸ್ಟಿಕ್ ಲ್ಯಾಬೊರೇಟರೀಸ್ ಮಾಡಿದ ಎನ್‌ಎಎಲ್-ಎನ್‌ಎಲ್2 ಸೂತ್ರ ಈ ಕಿವಿಗೆ ಎಷ್ಟು ಬೇಕು ಅಂತ ಹೇಳುತ್ತದೆ. ಕಂಪ್ಯೂಟರ್ ತಾನಾಗಿ ಹೊಂದಿಸಿದ್ದು 3000 ಮತ್ತು 4000ದಲ್ಲಿ ಅದಕ್ಕಿಂತ ಹತ್ತಿರ ಹತ್ತಿರ 10 ಡೆಸಿಬೆಲ್ ಕಡಿಮೆ ಇತ್ತು. ಕಂಪ್ಯೂಟರ್ ಪರದೆಯ ಮೇಲೆ ಗೆರೆ ಚೆಂದ ಕಾಣುತ್ತಿತ್ತು, ಕಿವಿಯೊಳಗೆ ಸ ಇರಲೇ ಇಲ್ಲ. ಅಳೆಯದೆ ಕಳಿಸಿದ್ದರೆ ಇದು ಅವರ ಮೂರನೇ ದಂಡ ಆಗುತ್ತಿತ್ತು. ಹೈ ಫ್ರೀಕ್ವೆನ್ಸಿ ನಷ್ಟಕ್ಕೆ ಈ ಅಳತೆ ಇಲ್ಲದೆ ಮಷೀನು ಕೊಡಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಕೊಳ್ಳುವವರೂ ಕೇಳಿ ಪಡೆಯಬೇಕು.

ಬಲಗಿವಿಗೆ ಏರಿಸಿದಾಗ ಗುರಿಯ ಹತ್ತಿರ ಹೋಯಿತು. ಎಡಗಿವಿಯಲ್ಲಿ ಏರಿಸಿದ ಕೂಡಲೇ ಮಷೀನು ಶಿಳ್ಳೆ ಹೊಡೆಯಿತು. ತೆರೆದ ಕಿವಿಯಿಂದ ಸದ್ದು ಹೊರಗೆ ಸೋರಿ ಮತ್ತೆ ಮೈಕಿಗೆ ಬೀಳುವುದರಿಂದ ಹೀಗಾಗುತ್ತದೆ. ಇಲ್ಲಿ ಎರಡು ದಾರಿ ಇದ್ದವು. ಸದ್ದು ಇಳಿಸಿ ಶಿಳ್ಳೆ ನಿಲ್ಲಿಸುವುದು ಸುಲಭ, ಆದರೆ ಸ ಹೋಗುತ್ತದೆ. ಕಿವಿ ಮುಚ್ಚಿದರೆ ಸ ಸಿಗುತ್ತದೆ, ಖಡಕ್ ರೊಟ್ಟಿ ಮತ್ತೆ ಕಾಡುತ್ತದೆ. ನಡುವಿನದನ್ನು ಆರಿಸಿದೆವು. ಎಡಗಿವಿಯ ಅಚ್ಚು ತೆಗೆದು ಮೆತ್ತನೆ ಮೋಲ್ಡ್ ಮಾಡಿಸಿ ಅದರಲ್ಲಿ 3 ಮಿಲಿಮೀಟರ್ ಗಾಳಿ ತೂತು ಬಿಡಿಸಿದೆವು. ಬಲಕ್ಕೆ ಡೋಮ್, ಎಡಕ್ಕೆ ಮೋಲ್ಡ್. ಎರಡೂ ಕಿವಿಗೆ ಒಂದೇ ಥರ ಇರಬೇಕು ಅನ್ನುವ ನಿಯಮ ಏನೂ ಇಲ್ಲ.

ಎಡಗಿವಿಯ ಮೇಲ್ತುದಿಯ ಬಗ್ಗೆ ಇನ್ನೊಂದು ಅನುಮಾನ ಇತ್ತು. ನಷ್ಟ 80 ಮುಟ್ಟಿದಾಗ ಆ ಜಾಗದ ಕೋಶಗಳು ಪೂರ್ತಿ ಸತ್ತಿರಬಹುದು. ಅಲ್ಲಿಗೆ ಎಷ್ಟು ಸದ್ದು ಸುರಿದರೂ ಮಾತು ಆಗುವುದಿಲ್ಲ, ಕರ್ಕಶ ಆಗುತ್ತದೆ. ಇದನ್ನು ಪತ್ತೆ ಮಾಡಲು ಕೇಂಬ್ರಿಜ್‌ನ ಬ್ರಯಾನ್ ಮೂರ್ ಮತ್ತು ಜೊತೆಯವರು ರೂಪಿಸಿದ ಟೆನ್ (ಥ್ರೆಶೋಲ್ಡ್ ಈಕ್ವಲೈಸಿಂಗ್ ನಾಯ್ಸ್) ಪರೀಕ್ಷೆ ಇದೆ. ಮುನೀಮರ ಎಡಗಿವಿ 3000ದಲ್ಲಿ ಪಾಸಾಯಿತು, 4000ದಲ್ಲಿ ಆಗಲಿಲ್ಲ. ಸತ್ತ ಜಾಗ ಶುರುವಾಗುವ ಅಂಚಿನ 1.7 ಪಟ್ಟು ತನಕ ಸದ್ದು ಏರಿಸಬಹುದು, ಅದರಾಚೆ ಲಾಭ ಇಲ್ಲ ಅನ್ನುವುದು ಮೂರ್ ಅವರ ಸಲಹೆ. ಅಂಚು 3000 ಅಂತ ಹಿಡಿದರೆ 5100. ಹಾಗಾಗಿ ಎಡಗಿವಿಯಲ್ಲಿ 5000ದ ಮೇಲೆ ಹಠ ಮಾಡಲಿಲ್ಲ. ಶಿಳ್ಳೆಯೂ ಅಷ್ಟು ಕಡಿಮೆಯಾಯಿತು.

ಹಾಗಾದರೆ ಮೊಮ್ಮಗಳ 6000ದಾಚೆಯ ಸ ಎಲ್ಲಿಂದ ಬರಬೇಕು? ಮೇಲಿನ ಸದ್ದನ್ನು ಹಿಡಿದು ಕೆಳಗಿನ, ಕೇಳುವ ಜಾಗಕ್ಕೆ ಇಳಿಸುವ ಅನುಕೂಲ ಮಷೀನಿನಲ್ಲಿ ಇತ್ತು. ಫ್ರೀಕ್ವೆನ್ಸಿ ಲೋವರಿಂಗ್. ಇದನ್ನು ಜೋರಾಗಿ ಹಾಕಿದರೆ ಸ ಇಳಿದು ಬಂದು ಶ ಥರ ಕೇಳುತ್ತದೆ. ಮೊದಲು ಹಾಕಿದ ಮಟ್ಟದಲ್ಲಿ ‘ಸಾಲು’, ‘ಶಾಲು’ ಎರಡೂ ಅವರಿಗೆ ಒಂದೇ ಆದವು. ಪೂರ್ತಿ ತೆಗೆದರೆ ಮೊಮ್ಮಗಳ ಮಾತಿನಲ್ಲಿ ಸ ಇಲ್ಲವೇ ಇಲ್ಲ. ಕೊನೆಗೆ ಎಲ್ಲಕ್ಕಿಂತ ಕಡಿಮೆ ಮಟ್ಟಕ್ಕೆ ಇಟ್ಟೆವು. ಸ ಇರುವುದು ಖಾತ್ರಿಯಾಗಿ ತಿಳಿಯಿತು, ಶ ಜೊತೆ ಒಮ್ಮೊಮ್ಮೆ ಮಾತ್ರ ಗೊಂದಲ. ನಮ್ಮ ಕಡೆ ಮಾತಿನಲ್ಲಿ ಶಾಲೆಯನ್ನು ‘ಸಾಲಿ’ ಅಂತಲೇ ಅನ್ನುತ್ತೇವೆ. ದಿನದ ಬದುಕಿನಲ್ಲಿ ಸ-ಶ ಬೆರೆತರೆ ಅವರಿಗೆ ಆಗುವ ನಷ್ಟ ಸಣ್ಣದು, ಸ ಪೂರ್ತಿ ಹೋದರೆ ದೊಡ್ಡದು. ಸಂಸ್ಕೃತ ಪಾಠ ಹೇಳುವವರೊಬ್ಬರು ಇದ್ದಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ.

ಏನಾಯಿತು

ಮೊದಲ ವಾರ ಕಷ್ಟದ್ದು. ತಾಟಿಗೆ ಚಮಚ ತಾಗಿದರೆ, ಹಾಳೆ ತಿರುವಿದರೆ, ಪ್ಲಾಸ್ಟಿಕ್ ಚೀಲ ಮುದುರಿದರೆ ಮೈ ಜುಂ ಅನ್ನುತ್ತಿತ್ತು. “ಎಲ್ಲಾ ತಗಡಿನ ಸದ್ದು ಬರ್ತದ್ರಿ ಸರ, ಸ್ವಲ್ಪ ಕಡಿಮಿ ಮಾಡ್ರಿ.” ಕಡಿಮೆ ಮಾಡುವುದು ಒಂದು ಗುಂಡಿಯ ಕೆಲಸ. ಮಾಡಿದ್ದರೆ ಅವರು ಖುಷಿಯಾಗಿ ಹೋಗುತ್ತಿದ್ದರು, ವ್ಯಂಜನಗಳೂ ಅವರ ಜೊತೆಗೇ ಹೋಗುತ್ತಿದ್ದವು. ವರ್ಷಗಟ್ಟಲೆ ಬಾರದ ಸದ್ದು ಈಗ ಬರುತ್ತಿದೆ, ಮೆದುಳಿಗೆ ಅದು ಹೊಸದು ಅಂತ ಹೇಳಿದೆ. ಗುರಿಯನ್ನು ಬಿಡಲಿಲ್ಲ, ದಾರಿಯನ್ನು ನಿಧಾನ ಮಾಡಿದೆ. ಬೇಕಾದ ಸದ್ದಿನ ಹತ್ತರಲ್ಲಿ ಎಂಟು ಪಾಲಿನಿಂದ ಶುರುಮಾಡಿ, ವಾರ ವಾರಕ್ಕೆ ತಾನಾಗಿ ಸ್ವಲ್ಪ ಏರುವಂತೆ ಇಟ್ಟೆ. ದಿನಕ್ಕೆ ಮೊದಲು ಮನೆಯಲ್ಲಿ ಕೆಲವು ಗಂಟೆ, ಆಮೇಲೆ ಅಂಗಡಿ, ಕೊನೆಗೆ ಗಂಜ್‌ನ ಗದ್ದಲ. ಹೆಂಡತಿ ದಿನಾ ಸಂಜೆ ಬೆನ್ನ ಹಿಂದೆ ಕೂತು ಪೇಪರ್ ಓದಿ, ಅವರಿಂದ ತಿರುಗಿ ಹೇಳಿಸುತ್ತಿದ್ದರು. ತುಟಿ ಕಾಣಬಾರದು ಅಂತ ಬೆನ್ನ ಹಿಂದೆ. ಇದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಎರಡು ತಿಂಗಳಾದ ಮೇಲೆ ಮತ್ತೆ ಪದಪಟ್ಟಿ ಇಟ್ಟೆವು. ಎರಡೂ ಮಷೀನು ಹಾಕಿಕೊಂಡು, ಸಾಮಾನ್ಯ ಮಾತಿನ ಮಟ್ಟದಲ್ಲಿ, 25ಕ್ಕೆ 23. ಮೊದಲಿನ ಅಂಕಿಗಳು ಜೋರಾಗಿ ಕೇಳಿಸಿ ತೆಗೆದವು, ಇದು ಮನೆಯಲ್ಲಿ ಮಾತಾಡುವಷ್ಟೇ ಸದ್ದಿನಲ್ಲಿ ಅನ್ನುವುದನ್ನು ಮರೆಯಬಾರದು. ಮಷೀನು ಹಾಕಿದಾಗ ಗುಂಯ್ ಸದ್ದೂ ಅಷ್ಟಾಗಿ ಕಾಡುತ್ತಿರಲಿಲ್ಲ. ರಾತ್ರಿ ತೆಗೆದಾಗ ಇದ್ದೇ ಇತ್ತು.

ಫೋನು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಹಳೆಯ ಬಗೆಯ ಫೋನ್ ಲೈನ್ 300ರಿಂದ 3400 ಹರ್ಟ್ಸ್ ತನಕ ಮಾತ್ರ ಸದ್ದು ಸಾಗಿಸುತ್ತದೆ. ಸ ಗೆ ಬೇಕಾದ ಭಾಗವೇ ಅದರಲ್ಲಿ ಇಲ್ಲ. ಚೆನ್ನಾಗಿ ಕೇಳುವವರು ಹೇಗೋ ನಿಭಾಯಿಸುತ್ತಾರೆ. 4ಜಿ ಮೂಲಕ ಹೋಗುವ ವೋಲ್ಟೆ ಕರೆಯಲ್ಲಿ 7000ದ ತನಕ ಬರಬಹುದು. ಅವರ ಮೊಬೈಲ್‌ನಲ್ಲಿ ಅದನ್ನು ಆನ್ ಮಾಡಿ, ಕರೆ ನೇರ ಎರಡೂ ಮಷೀನಿಗೆ ಬರುವಂತೆ ಬ್ಲೂಟೂತ್ ಜೋಡಿಸಿದೆವು. ಸುಧಾರಿಸಿತು. ಆದರೂ ‘ಸಾತ್’ ಮತ್ತು ‘ಸಾಠ್’ ಅಲ್ಲಿ ಪಕ್ಕಾ ಆಗಲಿಲ್ಲ. ಆಗ ಸಾಹುಕಾರರನ್ನು ಒಮ್ಮೆ ಕರೆಸಿದೆ. ದರ ಬಂದ ಕೂಡಲೇ ಮುನೀಮರು ಕನ್ನಡದಲ್ಲಿ ತಿರುಗಿ ಹೇಳುವುದು, ‘ಏಳು ಸಾವಿರದ ಎಂಟು ನೂರು, ಹೌದಲ್ರಿ?’ ಅಂತ ಕೇಳುವುದು, ಆಮೇಲೆ ವಾಟ್ಸಾಪ್‌ನಲ್ಲಿ ಅಂಕಿ ತರಿಸಿಕೊಳ್ಳುವುದು ಅಂತ ಆಯಿತು. ಏಳು, ಎಂಟು, ಅರವತ್ತು ಸ್ವರದಲ್ಲೂ ಉದ್ದದಲ್ಲೂ ಬೇರೆ ಬೇರೆ. ಈ ಕಿವಿಗೆ ಅವು ಹೆಚ್ಚು ಸುರಕ್ಷಿತ. ಸೊಲ್ಲಾಪುರದವರಿಗೂ ಸ್ವಲ್ಪ ದಿನದಲ್ಲಿ ರೂಢಿಯಾಯಿತು.

ಮಿಲ್ಲಿನ ಒಳಗೆ ಮಷೀನು ಏನೂ ಮಾಡಲಾರದು. ಅಲ್ಲಿಗೆ ಹೋಗುವಾಗ ತೆಗೆದಿಟ್ಟು ಕಿವಿ ಮುಚ್ಚಿ ಸದ್ದು ತಡೆಯುವ ಇಯರ್ ಮಫ್ ಹಾಕಿಕೊಳ್ಳಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದೇನೆ. ಗಂಜ್‌ನಲ್ಲಿ ಬೆನ್ನು ಗೋಡೆಗೆ ಮಾಡಿ ಕೂರುತ್ತಾರೆ, ಮಾತಾಡುವವರು ಎದುರಿಗೆ ಇರುತ್ತಾರೆ, ಮುಂದಿನ ಸದ್ದು ಹಿಡಿಯುವ ಮೈಕಿಗೆ ಅದರಿಂದ ಅನುಕೂಲ. ಬ್ಯಾಟರಿ ಕಂದು ಸ್ಟಿಕ್ಕರಿನ 312, ಪೇಟೆಯಲ್ಲಿ ಸಿಗುತ್ತದೆ.

ನಾವು ಮೊದಲೇ ಲೆಕ್ಕ ಹಾಕಬೇಕಾದ ಇನ್ನೊಂದು ವಿಷಯ ತೊಗರಿಯ ಹೊಟ್ಟು. ಬೇಸಿಗೆಯಲ್ಲಿ ಎಡಗಿವಿಯ ಮಷೀನು ಮಂಕಾಯಿತು ಅಂತ ಬಂದರು. ಮೈಕಿನ ಬಾಯಲ್ಲಿ ಸಣ್ಣ ಹಳದಿ ಧೂಳು, ಸ್ಪೀಕರಿನೊಳಗೆ ಗುಗ್ಗೆ ಹೋಗದಂತೆ ತಡೆಯುವ ವ್ಯಾಕ್ಸ್ ಗಾರ್ಡ್‌ನಲ್ಲಿ ಗುಗ್ಗೆಯೂ ಧೂಳೂ ಬೆರೆತು ಗಟ್ಟಿಯಾಗಿತ್ತು. ಮೊದಲು ಮುಚ್ಚಿಹೋಗುವುದು ಚೂಪು ಸದ್ದೇ. ಆದ್ದರಿಂದ ಅವರಿಗೆ ‘ಮಷೀನು ಕೆಟ್ಟಿದೆ’ ಅನಿಸಲಿಲ್ಲ, ‘ಮಂದಿ ಮತ್ತೆ ಮಾತು ನುಂಗ್ತಾರ’ ಅನಿಸಿತು. ಈಗ ದಿನಾ ರಾತ್ರಿ ಬ್ರಷ್ ಆಡಿಸಿ, ಬೆವರು ಒರೆಸಿ, ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡುತ್ತಾರೆ. ವ್ಯಾಕ್ಸ್ ಗಾರ್ಡ್ ಬದಲಿಸುವುದು ಮೊಮ್ಮಗಳ ಕೆಲಸ, ಅವಳ ಬೆರಳು ಸಣ್ಣ, ಕಣ್ಣು ಚುರುಕು.

ವರ್ಷದ ಪರೀಕ್ಷೆಗೆ ಬಂದಾಗ ಬಲಗಿವಿಯಲ್ಲಿ 3000ದ ನಷ್ಟ 5 ಡೆಸಿಬೆಲ್ ಹೆಚ್ಚಿತ್ತು. ಅಷ್ಟು ಏರುಪೇರು ಅಳತೆಯಲ್ಲೇ ಇರುತ್ತದೆ, ಸೆಟ್ಟಿಂಗ್ ಮುಟ್ಟಲಿಲ್ಲ. ಈ ಸಲ ತಂಗಿಯ ಮಗನನ್ನೂ ಕರೆತಂದಿದ್ದರು. ಅವನು ಈಗ ಅದೇ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ಮಾತು ಕೇಳುವುದರಲ್ಲಿ ಅವನಿಗೆ ಯಾವ ದೂರೂ ಇಲ್ಲ. ಆಡಿಯೋಗ್ರಾಂನಲ್ಲಿ 4000 ಹರ್ಟ್ಸ್ ಹತ್ತಿರ ಎರಡೂ ಕಿವಿಗೆ 35 ಡೆಸಿಬೆಲ್‌ನ ತಗ್ಗು ಇತ್ತು. ಅವನಿಗೆ ಮಷೀನು ಬೇಡ. ಇಯರ್ ಮಫ್ ಸರಿಯಾಗಿ ಹಾಕುವುದನ್ನು ಅಲ್ಲೇ ತೋರಿಸಿಕೊಟ್ಟು, ಆರು ತಿಂಗಳಿಗೆ ಮತ್ತೆ ಬರಲು ತಾರೀಕು ಕೊಟ್ಟೆ. ಮಿಲ್ಲಿನ ಉಳಿದವರನ್ನೂ ಕಳಿಸುವಂತೆ ಮಾಲೀಕರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ.